ಆಕ್ಸೆಸ್ ಫೈಲ್ ಪದೇ ಪದೇ ಕೆಡುತ್ತಿದೆ, ಸರ್ವರ್‌ಗೆ ಹೋಗುವುದು ಹೇಗೆ?

ಪ್ರಶ್ನೆ: ನಮ್ಮದು ಉತ್ತರ ಕನ್ನಡದ ಒಂದು ಪತ್ತಿನ ಸಹಕಾರ ಸಂಘ. ಸದಸ್ಯರ ವಿವರ, ಪಿಗ್ಮಿ, ಠೇವಣಿ, ಸಾಲ ಎಲ್ಲ ಲೆಕ್ಕವೂ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. ಫೈಲ್ ಈಗ 1.4 ಜಿಬಿ ಆಗಿದೆ. ಒಂಬತ್ತು ಕಂಪ್ಯೂಟರ್‌ಗಳಿಂದ ಒಟ್ಟಿಗೆ ಬಳಸುತ್ತೇವೆ. ತಿಂಗಳಿಗೆ ಒಂದೆರಡು ಸಲ ಫೈಲ್ ಕೆಟ್ಟು ರಿಪೇರಿ ಮಾಡಬೇಕಾಗುತ್ತದೆ. ಸದಸ್ಯರ ಹೆಸರು, ವಿಳಾಸ ಹೆಚ್ಚಿನದು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಎಸ್‌ಕ್ಯೂಎಲ್ ಸರ್ವರ್‌ಗೆ ಹಾಕಿಸಿ ಎಂದು ಎಲ್ಲರೂ ಹೇಳುತ್ತಾರೆ. ಇಡೀ ತಂತ್ರಾಂಶವನ್ನು ಹೊಸದಾಗಿ ಬರೆಸಬೇಕಾ? ಕನ್ನಡ ಹೆಸರುಗಳು ಉಳಿಯುತ್ತವಾ? ಹೊಸದಾಗಿ ತೆರೆದ ಶಾಖೆಯಿಂದಲೂ ಬಳಸಬಹುದಾ?

ಉತ್ತರ: ಇಡೀ ತಂತ್ರಾಂಶ ಬರೆಸಬೇಕಾಗಿಲ್ಲ. ನಿಮ್ಮ ಸಿಬ್ಬಂದಿಗೆ ರೂಢಿಯಾಗಿರುವ ಪರದೆಗಳು, ರಸೀದಿ, ವರದಿ ಎಲ್ಲವನ್ನೂ ಆಕ್ಸೆಸ್‌ನಲ್ಲೇ ಉಳಿಸಿಕೊಂಡು, ಹಿಂದಿರುವ ಟೇಬಲ್‌ಗಳನ್ನು (ಮಾಹಿತಿ ತುಂಬಿದ ಪಟ್ಟಿಗಳನ್ನು) ಮಾತ್ರ ಸರ್ವರ್‌ಗೆ ಸಾಗಿಸಬಹುದು. ಟೇಬಲ್ ಸಾಗಿಸುವ ಕೆಲಸ ಅರ್ಧ ದಿನದ್ದು. ಅದಕ್ಕೆ ಮೊದಲು ಮಾಹಿತಿಯನ್ನು ಶುದ್ಧ ಮಾಡುವುದು, ಆಮೇಲೆ ರಸೀದಿ ಸಂಖ್ಯೆ ಮತ್ತು ಕ್ವೆರಿಗಳನ್ನು (ಮಾಹಿತಿ ಹುಡುಕಿ ತೆಗೆಯುವ ಆದೇಶಗಳನ್ನು) ಸರಿಪಡಿಸುವುದು, ಇವೆರಡೇ ನಿಜವಾದ ಕೆಲಸ. ಯಾರಾದರೂ ನಿಮಗೆ ದರ ಹೇಳುವಾಗ ಬರೀ ಸಾಗಣೆಗೆ ಹೇಳುತ್ತಿದ್ದಾರಾ, ಈ ಎರಡನ್ನೂ ಸೇರಿಸಿದ್ದಾರಾ ಎಂದು ಮೊದಲೇ ಕೇಳಿಕೊಳ್ಳಿ.

ಫೈಲ್ ಯಾಕೆ ಕೆಡುತ್ತದೆ ಎನ್ನುವುದು ಗೊತ್ತಾದರೆ ಮುಂದಿನದು ಸುಲಭ. ಆಕ್ಸೆಸ್ ಫೈಲ್ ಹಂಚಿಕೆ ಫೋಲ್ಡರ್‌ನಲ್ಲಿ ಕೂತಿರುತ್ತದೆ ಅಷ್ಟೇ, ಆ ಕಂಪ್ಯೂಟರ್ ಸ್ವತಃ ಏನೂ ಲೆಕ್ಕ ಮಾಡುವುದಿಲ್ಲ. ಒಂಬತ್ತು ಕಂಪ್ಯೂಟರ್‌ಗಳಲ್ಲೂ ಒಂದೊಂದು ಆಕ್ಸೆಸ್ ಎಂಜಿನ್ ಓಡುತ್ತಿದ್ದು, ಒಂಬತ್ತೂ ನೆಟ್‌ವರ್ಕ್ ಮೂಲಕ ಒಂದೇ ಫೈಲಿಗೆ ನೇರವಾಗಿ ಕೈಹಾಕುತ್ತವೆ. ಸಂಘದ ಲೆಡ್ಜರ್ ಪುಸ್ತಕವನ್ನು ಒಂಬತ್ತು ಜನ ಒಟ್ಟಿಗೆ ಎಳೆದುಕೊಂಡು ಬರೆದ ಹಾಗೆ. ಒಬ್ಬರು ಬರೆಯುತ್ತಿರುವಾಗ ಕರೆಂಟ್ ಹೋಯಿತು, ವೈಫೈ ಒಂದು ಕ್ಷಣ ಕಡಿಯಿತು ಎಂದರೆ ಫೈಲಿನ ಒಂದು ಪುಟ ಅರ್ಧ ಹಳೆಯದು, ಅರ್ಧ ಹೊಸದು ಆಗಿ ಉಳಿಯುತ್ತದೆ. ಮರುದಿನ ಬೆಳಿಗ್ಗೆ "ಗುರುತಿಸಲಾಗದ ಡೇಟಾಬೇಸ್" ಎಂಬ ಸಂದೇಶ ಬರುತ್ತದೆ. 2018ರಲ್ಲಿ ವಿಂಡೋಸ್ 10ರ ಒಂದು ಅಪ್‌ಡೇಟ್ ಬಂದ ಮೇಲೆ ಹಲವು ದೇಶಗಳಲ್ಲಿ ಇದೇ ತೊಂದರೆ ಜಾಸ್ತಿಯಾಗಿತ್ತು. ಜೊತೆಗೆ ಆಕ್ಸೆಸ್ ಫೈಲಿಗೆ 2 ಜಿಬಿ ಮಿತಿ ಇದೆ, ಅದನ್ನು ಏರಿಸಲು ಬರುವುದಿಲ್ಲ. ನೀವು 1.4ರಲ್ಲಿದ್ದೀರಿ. ಮಿತಿ ಮುಟ್ಟಿದ ದಿನ ಹೊಸ ರಸೀದಿ ಸೇರುವುದೇ ಇಲ್ಲ. ಆದ್ದರಿಂದ ನಿಮ್ಮ ನಿರ್ಧಾರ ಸರಿ, ತಡ ಮಾಡಬೇಡಿ.

ಸರ್ವರ್ ವ್ಯವಸ್ಥೆಯಲ್ಲಿ ಫೈಲನ್ನು ಮುಟ್ಟುವುದು ಒಂದೇ ಪ್ರೋಗ್ರಾಂ. ಉಳಿದ ಕಂಪ್ಯೂಟರ್‌ಗಳು ಅದನ್ನು ಕೇಳಿಕೊಳ್ಳುತ್ತವೆ ಅಷ್ಟೇ. ಏನನ್ನಾದರೂ ಬರೆಯುವ ಮೊದಲು ಅದು ಲಾಗ್ ಎಂಬ ದಿನಚರಿ ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಕೌಂಟರ್‌ನ ಕಂಪ್ಯೂಟರ್ ನಡುವೆ ಆಫ್ ಆದರೆ ಅರ್ಧ ಆಗಿದ್ದ ವ್ಯವಹಾರವನ್ನು ರದ್ದು ಮಾಡುತ್ತದೆ. ಸರ್ವರೇ ನಿಂತುಹೋದರೂ ಮತ್ತೆ ಶುರುವಾದಾಗ ಲಾಗ್ ನೋಡಿ ಸರಿ ಮಾಡಿಕೊಳ್ಳುತ್ತದೆ.

ಯಾವ ಸರ್ವರ್ ಅಂದರೆ, ಆಕ್ಸೆಸ್ ಪರದೆಗಳನ್ನು ಉಳಿಸಿಕೊಳ್ಳುವುದಾದರೆ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಆಗಬಹುದು. ಉಚಿತ. 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ, ನಿಮ್ಮ ಸಂಘಕ್ಕೆ ಹಲವು ವರ್ಷ ಸಾಕು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಸರ್ವರ್ ಕೂಡ ಒಳ್ಳೆಯದು, ಗಾತ್ರದ ಮಿತಿಯ ಚಿಂತೆಯೂ ಇಲ್ಲ. ಮುಂದೆ ಇಡೀ ತಂತ್ರಾಂಶವನ್ನು ವೆಬ್‌ಗೆ ಒಯ್ಯುವ ಯೋಚನೆ ಇದ್ದರೆ ಅದನ್ನೇ ಆರಿಸಿ ಎನ್ನುತ್ತಿದ್ದೆ. ಆದರೆ ಹೌದು-ಅಲ್ಲ ಕಾಲಂ ಮುಂತಾದ ಸಣ್ಣ ವಿಷಯಗಳಲ್ಲಿ ಆಕ್ಸೆಸ್ ಜೊತೆ ಅದಕ್ಕೆ ತಿಕ್ಕಾಟ ಇದೆ.

ಸಾಗಿಸಲು ಮೈಕ್ರೋಸಾಫ್ಟ್‌ನದೇ ಉಚಿತ ಉಪಕರಣ ಇದೆ, ಎಸ್‌ಎಸ್‌ಎಂಎ ಎಂದು ಕರೆಯುತ್ತಾರೆ. ಹಳೆ ಪುಸ್ತಕಗಳಲ್ಲಿ ಕಾಣುವ ಅಪ್‌ಸೈಜಿಂಗ್ ವಿಝಾರ್ಡ್ ಅನ್ನು ಹುಡುಕಬೇಡಿ, ಆಕ್ಸೆಸ್ 2013ರಲ್ಲೇ ಅದನ್ನು ತೆಗೆದಿದ್ದಾರೆ. ಎಸ್‌ಎಸ್‌ಎಂಎ ಮೊದಲು ಒಂದು ವರದಿ ಕೊಡುತ್ತದೆ. ಯಾವ ಟೇಬಲ್‌ಗೆ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಇಲ್ಲ, ಯಾವ ಕ್ವೆರಿ ಹೋಗುವುದಿಲ್ಲ ಎಂದೆಲ್ಲ ಅದರಲ್ಲಿರುತ್ತದೆ. ಆ ವರದಿಯನ್ನು ಪೂರ್ತಿ ಓದದೆ ಮುಂದಿನ ಗುಂಡಿ ಒತ್ತಬೇಡಿ.

ಈಗ ಶುದ್ಧ ಮಾಡುವ ಕೆಲಸ. ಆಕ್ಸೆಸ್ ಬಹಳ ಉದಾರಿ, ಸರ್ವರ್ ಅಷ್ಟು ಉದಾರಿಯಲ್ಲ. ಹುಟ್ಟಿದ ದಿನಾಂಕದಲ್ಲಿ 1980ರ ಬದಲು 198 ಎಂದು ಬಿದ್ದಿದ್ದರೆ ಆಕ್ಸೆಸ್ ಸುಮ್ಮನೆ ಒಪ್ಪಿಕೊಂಡಿರುತ್ತದೆ, ಯಾಕೆಂದರೆ ಅದಕ್ಕೆ ಕ್ರಿ.ಶ. 100ರಿಂದ ಎಲ್ಲ ವರ್ಷವೂ ಸರಿ. ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಡೇಟ್‌ಟೈಮ್ ಬಗೆ ಶುರುವಾಗುವುದೇ 1753ರಿಂದ. ಅಂಥ ಸಾಲು ಬಂದಲ್ಲಿ ಸಾಗಣೆ ನಿಲ್ಲುತ್ತದೆ. ಡೇಟ್‌ಟೈಮ್2 ಬಗೆ ಬಳಸಿದರೆ ನಿಲ್ಲುವುದಿಲ್ಲ, ಆದರೆ ತಪ್ಪು ದಿನಾಂಕ ಹಾಗೇ ಹೊಸ ಮನೆಗೂ ಬರುತ್ತದೆ. 1900ಕ್ಕಿಂತ ಹಿಂದಿನ, ಇವತ್ತಿಗಿಂತ ಮುಂದಿನ ಹುಟ್ಟಿದ ದಿನಗಳನ್ನೆಲ್ಲ ಒಂದು ಕ್ವೆರಿಯಲ್ಲಿ ತೆಗೆದು ಸದಸ್ಯತ್ವ ಅರ್ಜಿ ನೋಡಿ ತಿದ್ದಿ.

ಪ್ಯಾನ್ ಸಂಖ್ಯೆ ಎರಡು ಸಲ ಬರಬಾರದು ಎಂದು ಯುನೀಕ್ ಇಂಡೆಕ್ಸ್ ಹಾಕಿರುತ್ತಾರೆ. ಪ್ಯಾನ್ ಇಲ್ಲದ ಸದಸ್ಯರ ಜಾಗ ಖಾಲಿ ಇರುತ್ತದೆ. ಎಷ್ಟು ಖಾಲಿ ಇದ್ದರೂ ಆಕ್ಸೆಸ್ ಬಿಡುತ್ತದೆ. ಎಸ್‌ಕ್ಯೂಎಲ್ ಸರ್ವರ್ ಮಾತ್ರ ಖಾಲಿಯನ್ನೂ ಒಂದು ಬೆಲೆ ಎಂದೇ ಎಣಿಸಿ ಎರಡನೆಯದನ್ನು ತಡೆಯುತ್ತದೆ. ಅಲ್ಲಿ "ಖಾಲಿ ಅಲ್ಲದವುಗಳಿಗೆ ಮಾತ್ರ" ಎಂಬ ಷರತ್ತು ಹಾಕಿದ ಫಿಲ್ಟರ್ಡ್ ಇಂಡೆಕ್ಸ್ ಮಾಡಬೇಕು. ಹಾಗೆಯೇ, ಸದಸ್ಯರೇ ಇಲ್ಲದ ಪಿಗ್ಮಿ ರಸೀದಿಗಳು, ಖಾತೆಯೇ ಇಲ್ಲದ ಸಾಲದ ಕಂತುಗಳು ಇದ್ದೇ ಇರುತ್ತವೆ. ಪದೇ ಪದೇ ರಿಪೇರಿಯಾದ ಫೈಲಿನಲ್ಲಂತೂ ಖಂಡಿತ ಇರುತ್ತವೆ, ಯಾಕೆಂದರೆ ರಿಪೇರಿ ಮಾಡುವಾಗ ಓದಲಾಗದ ಸಾಲುಗಳನ್ನು ಆಕ್ಸೆಸ್ ಕೈಬಿಡುತ್ತದೆ. ಫೈಂಡ್ ಅನ್‌ಮ್ಯಾಚ್ಡ್ ಕ್ವೆರಿ ವಿಝಾರ್ಡ್‌ನಿಂದ ಇವನ್ನು ಹುಡುಕಬಹುದು. ಸಿಕ್ಕವನ್ನು ಅಳಿಸಬೇಡಿ. ಅದು ಯಾರದೋ ಹಣ. ಡೇ ಬುಕ್ ತೆಗೆದು ಯಾರದೆಂದು ಪತ್ತೆ ಮಾಡಿ.

ಸದಸ್ಯರ ಫೋಟೋ, ಸಹಿಯನ್ನು ಟೇಬಲ್ ಒಳಗೇ ಅಟ್ಯಾಚ್‌ಮೆಂಟ್ ಆಗಿ ಇಟ್ಟಿದ್ದರೆ ಅದು ನೇರವಾಗಿ ಸರ್ವರ್‌ಗೆ ಹೋಗುವುದಿಲ್ಲ. ಅವನ್ನು ಹೊರಗೆ ತೆಗೆದು ಒಂದು ಫೋಲ್ಡರ್‌ನಲ್ಲಿಟ್ಟು, ಟೇಬಲ್‌ನಲ್ಲಿ ಫೈಲಿನ ಹೆಸರು ಮಾತ್ರ ಇಡಿ. ನಿಮ್ಮ 1.4 ಜಿಬಿಯಲ್ಲಿ ದೊಡ್ಡ ಪಾಲು ಈ ಫೋಟೋಗಳದ್ದೇ ಇದ್ದರೂ ಆಶ್ಚರ್ಯವಿಲ್ಲ.

ಇನ್ನು ಕನ್ನಡ. ನಿಮ್ಮ ಮೂರು ಪ್ರಶ್ನೆಗಳಲ್ಲಿ ಜಾಸ್ತಿ ಗಮನ ಬೇಕಾದದ್ದು ಇದಕ್ಕೇ. ಹಳೆ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಹೆಸರು ಕಂಪ್ಯೂಟರ್ ಪಾಲಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರ ಮತ್ತು ಯುರೋಪಿನ ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್ ಅದು. ಫಾಂಟ್ ಬದಲಿಸಿ ನೋಡಿದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಸದಸ್ಯರ ಪಟ್ಟಿಯನ್ನು ಹೆಸರಿನ ಪ್ರಕಾರ ಜೋಡಿಸಿದಾಗ ನಾಗರಾಜ ಅಶೋಕನಿಗಿಂತ ಮುಂದೆ ಬರುವುದನ್ನು ನೀವು ನೋಡಿರಬಹುದು. ಕಾರಣ ಇಷ್ಟೇ. ನುಡಿಯಲ್ಲಿ 'ನ' ಕೂತಿರುವುದು ಬ್ರಿಟನ್ನಿನ ಪೌಂಡ್ ಹಣದ ಚಿಹ್ನೆಯ ಜಾಗದಲ್ಲಿ. ವಿಂಡೋಸ್ ಜೋಡಿಸುವಾಗ ಚಿಹ್ನೆಗಳನ್ನು ಅಕ್ಷರಗಳಿಗಿಂತ ಮುಂದೆ ಇಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ನುಡಿಯಲ್ಲಿ ಬೇರೆ ಬೇರೆ ಕನ್ನಡ ಅಕ್ಷರಗಳು. ಹುಡುಕುವಾಗ ಡೇಟಾಬೇಸ್ ಇವೆರಡನ್ನೂ ಒಂದೇ ಎಂದು ತಿಳಿಯುತ್ತದೆ.

ಹಾಗೇ ಸರ್ವರ್‌ಗೆ ಸಾಗಿಸಿದರೂ ನುಡಿ ಫಾಂಟ್ ಹಾಕಿದ ಪರದೆಯಲ್ಲಿ ಹೆಸರು ಕಾಣುತ್ತದೆ, ಆ ಮಟ್ಟಿಗೆ ಏನೂ ಹಾಳಾಗುವುದಿಲ್ಲ. ಆದರೆ ಇದೇ ಸಂದರ್ಭದಲ್ಲಿ ಯೂನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಕೋಡ್ ಇರುವ ವ್ಯವಸ್ಥೆಗೆ) ಬದಲಿಸಿಬಿಡಿ ಎಂದು ನಾನು ಒತ್ತಾಯವಾಗಿ ಹೇಳುತ್ತೇನೆ. ನಾಳೆ ಸದಸ್ಯರಿಗೆ ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಬೇಕು, ಮೊಬೈಲ್‌ನಲ್ಲಿ ಪಾಸ್‌ಬುಕ್ ತೋರಿಸಬೇಕು ಎಂದರೆ ನುಡಿಯ ಹಳೆ ಅಕ್ಷರ ಕೆಲಸಕ್ಕೆ ಬಾರದು. ತಮ್ಮ ಹೆಸರು ತಮ್ಮ ಭಾಷೆಯಲ್ಲೇ ಸರಿಯಾಗಿ ಕಾಣುವುದು ಸದಸ್ಯರ ಹಕ್ಕು.

ಬದಲಿಸುವ ಕ್ರಮ ಹೀಗೆ. ಈಗಿನ ಹೆಸರಿನ ಕಾಲಂ ಅನ್ನು ಮುಟ್ಟಬೇಡಿ. ಪಕ್ಕದಲ್ಲಿ ಹೊಸ ಕಾಲಂ ಮಾಡಿ. ಸದಸ್ಯ ಸಂಖ್ಯೆ ಮತ್ತು ಹೆಸರನ್ನು ಹೊರಗೆ ತೆಗೆದು, ಹೆಸರನ್ನು ಮಾತ್ರ ಪರಿವರ್ತಕಕ್ಕೆ ಕೊಟ್ಟು, ಬಂದದ್ದನ್ನು ಸದಸ್ಯ ಸಂಖ್ಯೆಯ ಆಧಾರದಲ್ಲಿ ಹೊಸ ಕಾಲಂಗೆ ತುಂಬಿ. ಪರಿವರ್ತಕ ನುಡಿಯಲ್ಲೂ ಇದೆ, ಬರಹ ತಂತ್ರಾಂಶದಲ್ಲೂ ಇದೆ. ಇಲ್ಲಿ ಮೂರು ಕಡೆ ಎಡವುತ್ತಾರೆ. ಮೊದಲನೆಯದು ಅರ್ಕಾವೊತ್ತು. 'ಕರ್ನಾಟಕ' ಎಂಬಲ್ಲಿ ನುಡಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ 'ನಾ' ಆದ ಮೇಲೆ ಇಡುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದಂತೆ 'ರ್' ಮೊದಲು ಬರಬೇಕು. ಒಳ್ಳೆಯ ಪರಿವರ್ತಕ ಇದನ್ನು ಸರಿ ಮಾಡುತ್ತದೆ, ಆದರೂ ಅರ್ಕಾವೊತ್ತು ಇರುವ ಹೆಸರುಗಳನ್ನು ಬೇರೆಯಾಗಿ ತೆಗೆದು ನೋಡಿ. ಎರಡನೆಯದು, ಇಂಗ್ಲಿಷಿನಲ್ಲೇ ಟೈಪ್ ಮಾಡಿದ ಹೆಸರುಗಳು. ಅವನ್ನೂ ಪರಿವರ್ತಕಕ್ಕೆ ಕೊಟ್ಟರೆ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ನುಡಿಯಲ್ಲಿ ಬರೆದ ಹೆಸರಿನಲ್ಲಿ 127ಕ್ಕಿಂತ ಮೇಲಿನ ಕೋಡ್ ಒಂದಾದರೂ ಇರುವುದು ವಾಡಿಕೆ. ಅಂಥ ಕೋಡ್ ಒಂದೂ ಇಲ್ಲದ ಸಾಲುಗಳನ್ನು ಬದಿಗಿಟ್ಟು ಕಣ್ಣಾರೆ ನೋಡಿ. ಒಂದೇ ವಿಳಾಸದಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಇದ್ದರೆ ಕೈಯಲ್ಲೇ ತಿದ್ದಬೇಕು, ಬೇರೆ ದಾರಿ ಇಲ್ಲ.

ಮೂರನೆಯದು ಸೂಕ್ಷ್ಮ. ಯೂನಿಕೋಡ್‌ನಲ್ಲಿ 'ೊ' ಸ್ವರಚಿಹ್ನೆಯನ್ನು ಒಂದೇ ಕೋಡ್ ಆಗಿ ಬರೆಯಬಹುದು, 'ೆ' ಮತ್ತು 'ೂ' ಎಂದು ಎರಡು ಕೋಡ್ ಆಗಿಯೂ ಬರೆಯಬಹುದು. ಪರದೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. 'ೋ' ಕೂಡ ಹೀಗೆಯೇ. 'ಗೋಪಾಲ' ಎಂದು ಹುಡುಕಿದಾಗ ಸಿಗದೇ ಹೋಗುವುದು ಇದರಿಂದ. ಹಾಗೇ 'ರಾಜ್‌ಕುಮಾರ' ಎಂಬಲ್ಲಿ 'ಜ್' ಮುಂದೆ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯುವ ಕೋಡ್ ಇರುತ್ತದೆ. ಒಬ್ಬರು ಅದನ್ನು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಪರಿವರ್ತನೆ ಆದ ಮೇಲೆ ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ನಾರ್ಮಲೈಸೇಶನ್ ಮಾಡಿಸಿ. ಪೈಥಾನ್ ಪ್ರೋಗ್ರಾಮಿಂಗ್ ಗೊತ್ತಿರುವವರಿಗೆ ಒಂದು ಸಾಲಿನ ಕೆಲಸ. ಹುಡುಕಾಟಕ್ಕೆಂದೇ ಆ ಕಾಣದ ಕೋಡ್ ತೆಗೆದ ಹೆಸರಿನ ಇನ್ನೊಂದು ಕಾಲಂ ಇಟ್ಟುಕೊಂಡರೆ ಕೌಂಟರ್‌ನಲ್ಲಿ ಪರದಾಟ ತಪ್ಪುತ್ತದೆ.

ಕೊನೆಗೆ ಹಳೆಯದು, ಹೊಸದು ಎರಡೂ ಹೆಸರುಗಳನ್ನು ಅಕ್ಕಪಕ್ಕ ಮುದ್ರಿಸಿ, ಸದಸ್ಯರನ್ನು ಮುಖತಃ ಬಲ್ಲ ಹಿರಿಯ ಸಿಬ್ಬಂದಿಯ ಕೈಗೆ ಕೊಡಿ. ಈ ಕೆಲಸವನ್ನು ಅವರಷ್ಟು ಚೆನ್ನಾಗಿ ಯಾವ ಸಾಫ್ಟ್‌ವೇರ್‌ನವರೂ ಮಾಡಲಾರರು.

ಸರ್ವರ್‌ನಲ್ಲಿ ಕನ್ನಡ ಇರುವ ಕಾಲಂಗಳೆಲ್ಲ ಎನ್‌ವಾರ್‌ಚಾರ್ ಬಗೆಯವಾಗಿರಲಿ. ಬರೀ ವಾರ್‌ಚಾರ್ ಆದರೆ ಕನ್ನಡ ಹೋಗಿ ಸಾಲು ಸಾಲು ಪ್ರಶ್ನೆಚಿಹ್ನೆಗಳು ಬರುತ್ತವೆ. ಕ್ವೆರಿಯಲ್ಲಿ ಕನ್ನಡ ಪದವನ್ನು ನೇರವಾಗಿ ಬರೆಯುವಾಗಲೂ ಉದ್ಧರಣೆ ಚಿಹ್ನೆಯ ಮುಂದೆ ದೊಡ್ಡಕ್ಷರ ಎನ್ ಹಾಕಬೇಕು, ಇಲ್ಲದಿದ್ದರೆ ಅಲ್ಲೂ ಅದೇ ಗತಿ. ಅಕಾರಾದಿ ಸರಿ ಬರಲು ಆ ಕಾಲಂಗಳಿಗೆ ಇಂಡಿಕ್ ಜನರಲ್ 100 ಎಂಬ ಕೊಲೇಶನ್ (ಜೋಡಿಸುವ ನಿಯಮ) ಕೊಡಿ. ಅದು ಇಡೀ ಡೇಟಾಬೇಸ್‌ಗೆ ಆಗುವುದಿಲ್ಲ, ಕಾಲಂ ಮಟ್ಟದಲ್ಲಿ ಮಾತ್ರ. ಆಕ್ಸೆಸ್ ಪರದೆ, ವರದಿಗಳಲ್ಲಿ ನುಡಿ ಫಾಂಟ್ ತೆಗೆದು ತುಂಗಾ ಅಥವಾ ನಿರ್ಮಲಾ ಹಾಕಿ. ಆಕ್ಸೆಸ್ ಒಳಗಿನ ಪ್ರೋಗ್ರಾಮಿಂಗ್ ಭಾಷೆಯಾದ ವಿಬಿಎ ಕೋಡ್ ಬರೆಯುವ ಕಿಟಕಿಗೆ ಮಾತ್ರ ಯೂನಿಕೋಡ್ ಬರುವುದಿಲ್ಲ. "ಖಾತೆಯಲ್ಲಿ ಹಣ ಸಾಲದು" ಎಂಬಂಥ ಕನ್ನಡ ಸಂದೇಶಗಳನ್ನು ಕೋಡ್ ಒಳಗೆ ಬರೆಯದೆ ಒಂದು ಟೇಬಲ್‌ನಲ್ಲಿಟ್ಟು ಅಲ್ಲಿಂದ ಓದಿಸಿ.

ಟೇಬಲ್‌ಗಳು ಸರ್ವರ್‌ಗೆ ಹೋದ ಮೇಲೆ ಆಕ್ಸೆಸ್‌ನಿಂದ ಒಡಿಬಿಸಿ ಎಂಬ ಸಂಪರ್ಕ ಸೇತುವೆಯ ಮೂಲಕ ಲಿಂಕ್ ಮಾಡುತ್ತೀರಿ. ಪ್ರೈಮರಿ ಕೀ ಇಲ್ಲದ ಟೇಬಲ್ ಓದಲು ಮಾತ್ರ ಸಿಗುತ್ತದೆ, ತಿದ್ದಲು ಬರುವುದಿಲ್ಲ. "ಬೇರೊಬ್ಬರು ಈ ದಾಖಲೆಯನ್ನು ಬದಲಿಸಿದ್ದಾರೆ" ಎಂಬ ಸಂದೇಶ, ಬೇರೆ ಯಾರೂ ಮುಟ್ಟದಿದ್ದರೂ ಬರುತ್ತಿದ್ದರೆ ಎರಡು ಕಾರಣ ನೋಡಿ. ಹೌದು-ಅಲ್ಲ ಕಾಲಂ ಖಾಲಿ ಉಳಿದಿರಬಹುದು. ಅದನ್ನು ಖಾಲಿ ಬಿಡಲಾಗದಂತೆ ಮಾಡಿ, ಮೂಲ ಬೆಲೆ ಸೊನ್ನೆ ಕೊಡಿ. ಇಲ್ಲವೇ ದಶಾಂಶದ ಸಿಂಗಲ್, ಡಬಲ್ ಬಗೆಯ ಕಾಲಂ ಇರಬಹುದು. ಹಣಕ್ಕೆ ಆ ಬಗೆ ಯಾವತ್ತೂ ಬೇಡ, ಡೆಸಿಮಲ್‌ಗೆ ಬದಲಿಸಿ. ಎರಡಕ್ಕೂ ಸೇರಿ ಪ್ರತಿ ಟೇಬಲ್‌ಗೆ ಒಂದು ರೋವರ್ಷನ್ ಕಾಲಂ (ಸಾಲು ಬದಲಾದಾಗಲೆಲ್ಲ ತಾನೇ ಬದಲಾಗುವ ಗುರುತು) ಸೇರಿಸಿದರೆ ಆ ಕಾಟ ಮುಗಿಯುತ್ತದೆ. ವಿಬಿಎ ಕೋಡ್‌ನಲ್ಲಿ ರೆಕಾರ್ಡ್‌ಸೆಟ್ ತೆರೆಯುವ ಕಡೆಗಳಲ್ಲಿ ಡಿಬಿಸೀಚೇಂಜಸ್ ಎಂಬ ಸೂಚನೆ ಸೇರಿಸಬೇಕಾಗುತ್ತದೆ, ಇಲ್ಲದಿದ್ದರೆ 3622 ಸಂಖ್ಯೆಯ ದೋಷ ಬರುತ್ತದೆ.

ರಸೀದಿ ಸಂಖ್ಯೆಯ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಇಂಥ ತಂತ್ರಾಂಶಗಳಲ್ಲಿ ಹೆಚ್ಚಾಗಿ ಡಿಮ್ಯಾಕ್ಸ್ ಎಂಬ ಫಂಕ್ಷನ್ ಬಳಸಿ ಕೊನೆಯ ರಸೀದಿ ಸಂಖ್ಯೆ ಹುಡುಕಿ ಒಂದು ಕೂಡಿಸಿರುತ್ತಾರೆ. ಎರಡು ಕೌಂಟರ್‌ನಲ್ಲಿ ಒಂದೇ ಕ್ಷಣಕ್ಕೆ ಹೀಗೆ ಕೇಳಿದರೆ ಇಬ್ಬರಿಗೂ ಒಂದೇ ಸಂಖ್ಯೆ ಸಿಗುತ್ತದೆ. ಹಾಗಾದರೆ ಸರ್ವರ್ ತಾನೇ ಸಂಖ್ಯೆ ಕೊಡುವ ಐಡೆಂಟಿಟಿ ಕಾಲಂ ಬಳಸೋಣ ಎಂದು ಹಲವರು ಹೇಳುತ್ತಾರೆ. ಅದು ಸಂಖ್ಯೆ ಎರಡಾಗದಂತೆ ನೋಡಿಕೊಳ್ಳುತ್ತದೆ ನಿಜ, ಆದರೆ ನಡುವೆ ಸಂಖ್ಯೆ ಬಿಟ್ಟುಹೋಗುವುದನ್ನು ತಡೆಯುವುದಿಲ್ಲ. ವ್ಯವಹಾರ ರದ್ದಾದರೆ ಆ ಸಂಖ್ಯೆ ವಾಪಸು ಬರುವುದಿಲ್ಲ. 2012ರ ಆವೃತ್ತಿಯಿಂದ ಈಚೆಗೆ, ಕರೆಂಟ್ ಹೋಗಿ ಸರ್ವರ್ ದಿಢೀರನೆ ನಿಂತರೆ ಮುಂದಿನ ಸಂಖ್ಯೆ ಒಮ್ಮೆಗೇ ಸಾವಿರದಷ್ಟು ಮುಂದೆ ಜಿಗಿಯಬಹುದು. 4,512 ಆದ ಮೇಲೆ 5,500ರ ಆಸುಪಾಸಿನ ರಸೀದಿ ಬಂದರೆ ಲೆಕ್ಕ ಪರಿಶೋಧಕರು ನಡುವಿನವು ಎಲ್ಲಿ ಎಂದು ಕೇಳುತ್ತಾರೆ, ಕೇಳಲೇಬೇಕು.

ಅದಕ್ಕೆ ಸಂಖ್ಯೆಗೆಂದೇ ಒಂದು ಸಣ್ಣ ಟೇಬಲ್ ಮಾಡಿ. ವರ್ಷ, ರಸೀದಿಯ ಬಗೆ, ಕೊನೆಯ ಸಂಖ್ಯೆ, ಇಷ್ಟೇ. ಒಂದು ಸ್ಟೋರ್ಡ್ ಪ್ರೊಸೀಜರ್ (ಸರ್ವರ್‌ನಲ್ಲೇ ಇರುವ ಸಣ್ಣ ಪ್ರೋಗ್ರಾಂ) ಬರೆಸಿ, ಸಂಖ್ಯೆ ಒಂದು ಏರಿಸುವುದು ಮತ್ತು ರಸೀದಿ ಸೇರಿಸುವುದು ಎರಡೂ ಒಂದೇ ಟ್ರಾನ್ಸಾಕ್ಷನ್ ಒಳಗೆ ನಡೆಯಲಿ. ಮೊದಲ ಕೌಂಟರ್‌ನ ಕೆಲಸ ಮುಗಿಯುವ ತನಕ ಎರಡನೆಯದು ಕಾಯುತ್ತದೆ, ಆ ಕಾಯುವಿಕೆ ಯಾರಿಗೂ ತಿಳಿಯದಷ್ಟು ಚಿಕ್ಕದು. ರಸೀದಿ ಸೇರದೇ ಹೋದರೆ ಸಂಖ್ಯೆಯೂ ಹಿಂದಕ್ಕೆ ಬರುತ್ತದೆ. ಇನ್ನೊಂದು ಮಾತು. ಆಕ್ಸೆಸ್‌ನ ಆಟೋನಂಬರ್ ಟೈಪ್ ಮಾಡಲು ಶುರು ಮಾಡಿದಾಗಲೇ ಕಾಣುತ್ತದೆ. ಸರ್ವರ್‌ನಲ್ಲಿ ಸೇವ್ ಆದ ಮೇಲೆ ಮಾತ್ರ ಸಿಗುತ್ತದೆ. ಸೇವ್ ಮಾಡುವ ಮೊದಲೇ ಆ ಸಂಖ್ಯೆ ಓದುವ ಕೋಡ್ ಎಲ್ಲೆಲ್ಲಿದೆ ಎಂದು ಹುಡುಕಿ ತಿದ್ದಬೇಕು.

ಬದಲಾದ ಮೊದಲ ದಿನ "ಮೊದಲಿಗಿಂತ ನಿಧಾನ" ಎಂಬ ದೂರು ಬರಬಹುದು. ತಪ್ಪು ಸರ್ವರ್‌ನದ್ದಲ್ಲ. ಪರದೆ ತೆರೆದ ಕೂಡಲೇ ಎಲ್ಲ ಸದಸ್ಯರನ್ನೂ ತಂದು ಹಾಕುವಂತೆ ಬರೆದಿರುತ್ತಾರೆ. ಅದರ ಬದಲು ಸದಸ್ಯ ಸಂಖ್ಯೆ ಕೇಳಿ, ಆ ಒಬ್ಬರನ್ನು ಮಾತ್ರ ತರಬೇಕು. ಕ್ವೆರಿಯ ಷರತ್ತಿನಲ್ಲಿ ನೀವೇ ಬರೆದ ವಿಬಿಎ ಫಂಕ್ಷನ್ ಇದ್ದರೆ ಸರ್ವರ್‌ಗೆ ಅದು ಅರ್ಥವಾಗುವುದಿಲ್ಲ. ಆಕ್ಸೆಸ್ ಇಡೀ ಟೇಬಲ್ ತರಿಸಿಕೊಂಡು ತಾನೇ ಸೋಸುತ್ತದೆ. ಬಡ್ಡಿ ಲೆಕ್ಕ, ತಿಂಗಳ ಕೊನೆಯ ವರದಿಗಳಂಥ ಭಾರದ ಕೆಲಸವನ್ನು ಸರ್ವರ್‌ನಲ್ಲೇ ವ್ಯೂ (ಉಳಿಸಿಟ್ಟ ಕ್ವೆರಿ) ಅಥವಾ ಪ್ರೊಸೀಜರ್ ಆಗಿ ಬರೆಸಿ. ಎಲ್ಲವನ್ನೂ ಒಮ್ಮೆಗೇ ಬರೆಸಬೇಕಾಗಿಲ್ಲ, ಅತಿ ನಿಧಾನ ಇರುವುದರಿಂದ ಶುರು ಮಾಡಿ.

ಸರ್ವರ್ ಆಗಿ ಯಾರೂ ಕೂತು ಕೆಲಸ ಮಾಡದ ಒಂದು ಕಂಪ್ಯೂಟರ್ ಇರಲಿ, ಯುಪಿಎಸ್ ಇರಲಿ, ವೈಫೈ ಬದಲು ಕೇಬಲ್ ಇರಲಿ. ಎಕ್ಸ್‌ಪ್ರೆಸ್ ಹಾಕಿದ ಕೂಡಲೇ ಬೇರೆ ಕಂಪ್ಯೂಟರ್‌ಗಳಿಗೆ ಕಾಣುವುದಿಲ್ಲ, ಅದರ ಟಿಸಿಪಿ ಸಂಪರ್ಕವನ್ನು ನಾವೇ ಆನ್ ಮಾಡಬೇಕು. ಎಲ್ಲ ಹಕ್ಕೂ ಇರುವ ಎಸ್‌ಎ ಎಂಬ ಮುಖ್ಯ ಖಾತೆಯ ಪಾಸ್‌ವರ್ಡ್ ಎಲ್ಲರಿಗೂ ಕೊಡಬೇಡಿ. ಕ್ಯಾಷಿಯರ್‌ಗೆ ರಸೀದಿ ಸೇರಿಸುವ ಹಕ್ಕು ಸಾಕು, ಅಳಿಸುವ ಹಕ್ಕು ಬೇಡ.

ಬ್ಯಾಕಪ್ ಬಗ್ಗೆ ನಿಮ್ಮ ರೂಢಿ ಬದಲಾಗಲೇಬೇಕು. ಇಷ್ಟು ದಿನ ಸಂಜೆ ಫೈಲ್ ಕಾಪಿ ಮಾಡಿ ಪೆನ್‌ಡ್ರೈವ್‌ಗೆ ಹಾಕುತ್ತಿದ್ದಿರಿ, ಅಲ್ವಾ? ಸರ್ವರ್ ಓಡುತ್ತಿರುವಾಗ ಅದರ ಫೈಲ್ ಹಾಗೆ ಕಾಪಿಯಾಗುವುದಿಲ್ಲ. ಬ್ಯಾಕಪ್ ಡೇಟಾಬೇಸ್ ಎಂಬ ಆದೇಶವನ್ನೇ ಕೊಡಬೇಕು. ಎಕ್ಸ್‌ಪ್ರೆಸ್‌ನಲ್ಲಿ ವೇಳಾಪಟ್ಟಿಯ ಏಜೆಂಟ್ ಇಲ್ಲ, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಿಂದ ದಿನಾ ರಾತ್ರಿ ಆ ಆದೇಶ ಓಡುವಂತೆ ಮಾಡಿ. ಬ್ಯಾಕಪ್ ಬೇರೆ ಡಿಸ್ಕ್‌ಗೆ ಹೋಗಲಿ, ವಾರಕ್ಕೊಂದು ಪ್ರತಿ ಕಟ್ಟಡದ ಹೊರಗೆ ಇರಲಿ. ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ ಅಂದಿನ ನಗದು ಶಿಲ್ಕು ಹೊಂದುತ್ತದಾ ನೋಡಿ.

ನಿಜವಾದ ಸಾಗಣೆಗೆ ಮೊದಲು ಪ್ರತಿಯ ಮೇಲೆ ಎರಡು ಮೂರು ಸಲ ತಾಲೀಮು ಮಾಡಿ. ಪ್ರತಿ ಸಲವೂ ಎರಡೂ ಕಡೆಯ ಸಾಲುಗಳ ಸಂಖ್ಯೆ, ಪ್ರತಿ ಖಾತೆಯ ಬಾಕಿ, ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಿ. ಒಂದು ಪೈಸೆ ವ್ಯತ್ಯಾಸ ಇದ್ದರೂ ಕಾರಣ ಗೊತ್ತಾಗುವ ತನಕ ಮುಂದುವರಿಯಬೇಡಿ. ಮಾರ್ಚ್ ತಿಂಗಳಲ್ಲಿ ಈ ಕೆಲಸ ಬೇಡವೇ ಬೇಡ. ರಜೆಯ ಹಿಂದಿನ ಸಂಜೆ, ದಿನದ ಲೆಕ್ಕ ಮುಗಿಸಿ ಶುರು ಮಾಡಿ. ಮುಗಿದ ಮೇಲೆ ಹಳೆ ಫೈಲಿನ ಹೆಸರು ಬದಲಿಸಿ ಹಂಚಿಕೆ ಫೋಲ್ಡರ್‌ನಿಂದ ತೆಗೆದುಬಿಡಿ. ಇಲ್ಲದಿದ್ದರೆ ಯಾರೋ ಒಬ್ಬರು ಹಳೆ ಐಕಾನ್ ಒತ್ತಿ ಅದರಲ್ಲೇ ರಸೀದಿ ಹಾಕುತ್ತಾರೆ. ಹೊಸ ಪರದೆಗಳ ಫೈಲ್ ಒಂಬತ್ತು ಕಂಪ್ಯೂಟರ್‌ನಲ್ಲೂ ಬೇರೆ ಬೇರೆ ಪ್ರತಿ ಇರಬೇಕು, ಹಂಚಿಕೆ ಬೇಡ.

ಶಾಖೆಯ ಪ್ರಶ್ನೆಗೆ ಬರುತ್ತೇನೆ. ಆಕ್ಸೆಸ್ ಪರದೆಗಳನ್ನು ಶಾಖೆಯಲ್ಲಿಟ್ಟು ಇಂಟರ್‌ನೆಟ್ ಮೂಲಕ ಸರ್ವರ್‌ಗೆ ಲಿಂಕ್ ಮಾಡಬಹುದು, ಆದರೆ ನಿಧಾನವಾಗಿರುತ್ತದೆ. ಒಂದು ಪರದೆ ತೆರೆಯಲು ಆಕ್ಸೆಸ್ ಸರ್ವರ್ ಜೊತೆ ಹಲವು ಸಲ ಮಾತಾಡುತ್ತದೆ, ಪ್ರತಿ ಸಲವೂ ದೂರದ ಹೋಗಿಬರುವ ಸಮಯ ಸೇರುತ್ತದೆ. ಅದಕ್ಕಿಂತ ರಿಮೋಟ್ ಡೆಸ್ಕ್‌ಟಾಪ್ ಒಳ್ಳೆಯದು. ಪರದೆ ಓಡುವುದು ಮುಖ್ಯ ಕಚೇರಿಯಲ್ಲೇ, ಶಾಖೆಗೆ ಬರುವುದು ಅದರ ಚಿತ್ರ ಮಾತ್ರ. ವಿಂಡೋಸ್ ಪ್ರೊ ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುತ್ತದೆ. ಶಾಖೆಯಲ್ಲಿ ಇಬ್ಬರು ಮೂವರು ಇದ್ದರೆ ವಿಂಡೋಸ್ ಸರ್ವರ್ ಮತ್ತು ಅದರ ರಿಮೋಟ್ ಡೆಸ್ಕ್‌ಟಾಪ್ ಪರವಾನಗಿ ಕೊಳ್ಳಬೇಕು. ಈ ಇಡೀ ಯೋಜನೆಯಲ್ಲಿ ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಕಾದ ಮುಖ್ಯ ಜಾಗ ಇದು. ಯಾವ ದಾರಿ ಹಿಡಿದರೂ ನಡುವೆ ವಿಪಿಎನ್ (ಇಂಟರ್‌ನೆಟ್ ಮೇಲಿನ ಸುರಕ್ಷಿತ ಖಾಸಗಿ ದಾರಿ) ಇರಲೇಬೇಕು. ಸರ್ವರ್‌ನ 1433 ಪೋರ್ಟ್ ಆಗಲಿ, ರಿಮೋಟ್ ಡೆಸ್ಕ್‌ಟಾಪ್‌ನ 3389 ಆಗಲಿ ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡಬೇಡಿ. ಮೊದಲು ಮುಖ್ಯ ಕಚೇರಿಯಲ್ಲಿ ಒಂದು ತಿಂಗಳ ಲೆಕ್ಕ ಹೊಸ ವ್ಯವಸ್ಥೆಯಲ್ಲಿ ಸರಿಯಾಗಿ ಮುಗಿಯಲಿ, ಆಮೇಲೆ ಶಾಖೆಯನ್ನು ಸೇರಿಸಿ.